ಹೊರಾಂಗಣ ಬೋನ್ಸಾಯ್: ಹೊಲದ ಮೂಲೆಯಿಂದ ಕುಂಡದವರೆಗೆ ಕುಬ್ಜ ವೃಕ್ಷಗಳ ಆರೈಕೆ

ಬೋನ್ಸಾಯ್ ಎಂಬುದು ಜಪಾನೀ ಪದ. ‘ಬೋನ್’ ಎಂದರೆ ತಟ್ಟೆಯಂತಹ ಆಳವಿಲ್ಲದ ಪಾತ್ರೆ, ‘ಸಾಯ್’ ಎಂದರೆ ನೆಡುವುದು. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಪಕ್ವಗೊಂಡ ಈ ಕಲೆಯನ್ನು ನಮ್ಮಲ್ಲಿ ವಾಮನ ವೃಕ್ಷ ಕಲೆ ಎಂದೂ ಕರೆಯುವುದುಂಟು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿಯೂ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿಯೂ ಬೋನ್ಸಾಯ್ ತೋಟಗಳಿವೆ. ಅವುಗಳನ್ನು ನೋಡಿ ಬಂದ ರೈತ ಬಾಂಧವರು ನಮ್ಮನ್ನು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಗಿಡ ಹೀಗೆ ಗಿಡ್ಡವಾಗಿ ಉಳಿಯಲು ಯಾವ ಔಷಧಿ ಹಾಕುತ್ತಾರೆ? ಇದನ್ನು ಬೆಳೆದು ಮಾರಬಹುದೇ?

ಮೊದಲ ಪ್ರಶ್ನೆಗೆ ಉತ್ತರ ಸರಳವಾದುದು. ಔಷಧಿಯೂ ಇಲ್ಲ, ವಿಶೇಷ ತಳಿಯೂ ಇಲ್ಲ. ಕುಂಡದಲ್ಲಿರುವ ಒಂದೂವರೆ ಅಡಿಯ ಆಲದ ಗಿಡದಿಂದ ಕಡ್ಡಿ ಕತ್ತರಿಸಿ ಹೊಲದ ಬದುವಿನಲ್ಲಿ ನೆಟ್ಟರೆ ಅದು ಊರ ಮುಂದಿನ ಆಲದಷ್ಟೇ ದೊಡ್ಡದಾಗುತ್ತದೆ. ಕುಂಡದಲ್ಲಿ ಅದನ್ನು ಗಿಡ್ಡವಾಗಿ ಇಡುವುದು ಬೇರಿನ ಮಿತಿ ಮತ್ತು ನಿರಂತರ ಸವರುವಿಕೆ. ಕೊಂಬೆಯ ತುದಿ ಮೊಗ್ಗಿನಲ್ಲಿ ಉತ್ಪತ್ತಿಯಾಗುವ ಆಕ್ಸಿನ್ ಎಂಬ ಚೋದಕವು ಕೆಳಗಿನ ಮೊಗ್ಗುಗಳನ್ನು ಸುಪ್ತವಾಗಿಡುತ್ತದೆ. ತುದಿಯನ್ನು ಚಿವುಟಿದಾಗ ಆ ತಡೆ ಕಳಚಿ, ಪಕ್ಕದ ಮೊಗ್ಗುಗಳು ಚಿಗುರುತ್ತವೆ. ತೊಗರಿಯಲ್ಲಿ ಕುಡಿ ಚಿವುಟುವ ರೈತರಿಗೆ ಇದು ಹೊಸ ಸಂಗತಿಯಲ್ಲ. ಹೀಗೆ ಕವಲುಗಳು ಹೆಚ್ಚಿದಂತೆಲ್ಲ ಎಲೆಗಳು ಕಿರಿದಾಗುತ್ತವೆ. ಆದರೆ ಹೂವು ಮತ್ತು ಹಣ್ಣುಗಳು ಅಷ್ಟಾಗಿ ಕಿರಿದಾಗುವುದಿಲ್ಲ. ಎರಡು ಅಡಿಯ ದಾಳಿಂಬೆ ಬೋನ್ಸಾಯ್‌ನಲ್ಲಿ ಹಣ್ಣು ಕಟ್ಟಿದರೆ ಕೊಂಬೆ ಬಾಗುವುದನ್ನು ಕಾಣುವಿರಿ. ಆದುದರಿಂದ ಸಣ್ಣ ಎಲೆ, ಸಣ್ಣ ಕಾಯಿಗಳ ಜಾತಿಗಳನ್ನು ಆರಿಸುವುದು ಲೇಸು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೋನ್ಸಾಯ್ ಮನೆಯೊಳಗಿನ ಅಲಂಕಾರದ ವಸ್ತುವಲ್ಲ, ಅದು ಬಯಲಿನ ಮರ. ನಾನು ಮೊದಲು ಬೆಳೆಸಿದ ಹುಣಸೆಯನ್ನು ಅಭಿಮಾನದಿಂದ ಕಚೇರಿಯ ಮೇಜಿನ ಮೇಲಿಟ್ಟು ಒಂದೇ ತಿಂಗಳಲ್ಲಿ ಕಳೆದುಕೊಂಡೆ. ಕೋಣೆ ಬೆಳಕಾಗಿದೆ ಎಂದು ನಮಗೆ ತೋರುವುದು ಕಣ್ಣು ಮಂದ ಬೆಳಕಿಗೆ ಹೊಂದಿಕೊಳ್ಳುವುದರಿಂದ. ಎಲೆಗೆ ಆ ಅನುಕೂಲವಿಲ್ಲ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ತಾರಸಿ ಅಥವಾ ಅಂಗಳವೇ ಇದಕ್ಕೆ ತಕ್ಕ ಸ್ಥಳ. ಏಪ್ರಿಲ್–ಮೇ ತಿಂಗಳುಗಳಲ್ಲಿ ಉತ್ತರ ಕರ್ನಾಟಕದ ಬಿಸಿಲಿಗೆ ಮಾತ್ರ ಮಧ್ಯಾಹ್ನ ನೆರಳು ಬಲೆ ಬೇಕು. ಆಗ ಸುಡುವುದು ಎಲೆಗಿಂತ ಹೆಚ್ಚಾಗಿ ಕಾದ ಕುಂಡದೊಳಗಿನ ಬೇರು.

ಕಾಂಡ ದಪ್ಪವಾಗುವುದು ನೆಲದಲ್ಲಿ

ಎರಡನೆಯ ಪ್ರಶ್ನೆಗೆ ಉತ್ತರಿಸುವ ಮೊದಲು ನಗರದ ಹವ್ಯಾಸಿಗಳು ಮಾಡುವ ತಪ್ಪನ್ನು ತಿಳಿಯುವುದು ಒಳ್ಳೆಯದು. ಪೆನ್ಸಿಲ್ ಗಾತ್ರದ ಸಸಿಯನ್ನು ತಟ್ಟೆಯಲ್ಲಿ ನೆಟ್ಟು, ಅದು ಮುದಿ ಮರದಂತೆ ಆಗಲೆಂದು ಕಾಯುತ್ತಾರೆ. ಹತ್ತು ವರ್ಷ ಕಳೆದರೂ ಅದು ಪೆನ್ಸಿಲ್ ಆಗಿಯೇ ಉಳಿಯುತ್ತದೆ. ಕಾಂಡದ ದಪ್ಪ ಬರುವುದು ಎಲೆಗಳ ಒಟ್ಟು ವಿಸ್ತೀರ್ಣದಿಂದ. ಎಲೆ ಹೆಚ್ಚಲು ಬೇರಿಗೆ ಅವಕಾಶ ಬೇಕು. ಆ ಅವಕಾಶ ಇರುವುದು ಹೊಲದಲ್ಲಿ ಮಾತ್ರ. ರೈತನಿಗೆ ನಗರದವನಿಗಿಲ್ಲದ ಅನುಕೂಲ ಇದೊಂದೇ, ಆದರೆ ಇದು ಸಣ್ಣದಲ್ಲ.

ಕೆಂಪು ಮಣ್ಣಿನ, ನೀರು ಬಸಿಯುವ ಒಂದು ಮೂಲೆಯನ್ನು ಆರಿಸಿಕೊಳ್ಳಿ. ಒಂದು ಅಡಿ ಆಳದ ಗುಂಡಿಯ ತಳದಲ್ಲಿ ಹಳೆಯ ಮಂಗಳೂರು ಹೆಂಚನ್ನು ಮಲಗಿಸಿ, ಅದರ ಮೇಲೆ ಮಣ್ಣು ತುಂಬಿ ಸಸಿ ನೆಡಿ. ತಾಯಿಬೇರು ಕೆಳಗಿಳಿಯಲಾರದೆ ಬೇರುಗಳು ಸುತ್ತಲೂ ಚಾಚಿಕೊಳ್ಳುತ್ತವೆ. ಮುಂದೆ ಕುಂಡಕ್ಕೆ ಬಂದಾಗ ಬುಡದ ಅಂದವನ್ನು ನಿರ್ಧರಿಸುವುದು ಈ ಚಾಚಿದ ಬೇರುಗಳೇ. ಗಿಡದಿಂದ ಗಿಡಕ್ಕೆ ಎರಡರಿಂದ ಮೂರು ಅಡಿ ಅಂತರವಿದ್ದು, ಹನಿ ನೀರಾವರಿಯ ಒಂದು ಸಾಲು ಸಿಕ್ಕರೆ ಸಾಕು. ಬುಡಕ್ಕೆ ಸಮೀಪದ ಒಂದು ಕೊಂಬೆಯನ್ನು ಕತ್ತರಿಸದೆ ಮನಬಂದಂತೆ ಬೆಳೆಯಲು ಬಿಡಿ. ಆ ಕೊಂಬೆ ಆರೇಳು ಅಡಿ ಬೆಳೆದಂತೆ ಅದರ ಕೆಳಗಿನ ಕಾಂಡವನ್ನು ದಪ್ಪಗೊಳಿಸುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆದುಹಾಕಬಹುದು. ಆಲ, ಗೋಣಿ, ಬಸರಿ ಮುಂತಾದ ಫೈಕಸ್ ಜಾತಿಗಳು ಮತ್ತು ಬೋಗನ್‌ವಿಲ್ಲಾ ನಾಲ್ಕೈದು ವರ್ಷಗಳಲ್ಲಿ ತಕ್ಕ ಗಾತ್ರಕ್ಕೆ ಬರುತ್ತವೆ. ಹುಣಸೆ ಹೆಚ್ಚು ಕಾಲ ಕೇಳುತ್ತದೆ. ಫೈಕಸ್ ಜಾತಿಗಳನ್ನು ಜೂನ್‌ನಲ್ಲಿ ಬೆರಳು ಗಾತ್ರದ ಕಡ್ಡಿಗಳಿಂದ ಅಥವಾ ಗುಟಿ ಕಟ್ಟಿ, ಹುಣಸೆಯನ್ನು ಬೀಜದಿಂದ ವೃದ್ಧಿಸಬಹುದು.

ಇನ್ನು ಮಾರಾಟ. ಐದು ವರ್ಷ ಆದಾಯವಿಲ್ಲದ ಬೆಳೆಗೆ ಸಾಲ ಮಾಡಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಬೆಂಗಳೂರಿನಂತಹ ನಗರಗಳಲ್ಲಿ ದಪ್ಪ ಕಾಂಡದ ಗಿಡಗಳಿಗೆ ಬೇಡಿಕೆಯಿದ್ದರೂ, ನಿಗದಿತ ದರವಾಗಲಿ ನಿಯಂತ್ರಿತ ಮಾರುಕಟ್ಟೆಯಾಗಲಿ ಇದಕ್ಕಿಲ್ಲ. ಐವತ್ತು ಗಿಡಗಳಿಂದ, ಮುಖ್ಯ ಬೆಳೆಗೆ ತೊಂದರೆಯಾಗದಂತೆ ಆರಂಭಿಸಿ. ಅವಸರದ ಲಾಭದ ಮಾತುಗಳಿಗೆ ಕಿವಿಗೊಟ್ಟ ರೈತರೊಬ್ಬರು ತಮ್ಮ ಬದುವಿನ ಹಳೆಯ ಹುಣಸೆ ಬುಡಗಳನ್ನು ಮೇ ತಿಂಗಳ ಬಿಸಿಲಿನಲ್ಲಿ ಅಗೆದು ಕುಂಡಕ್ಕೆ ಹಾಕಿ, ಒಂದೂ ಉಳಿಯದೆ ನಮ್ಮಲ್ಲಿಗೆ ಬಂದಿದ್ದರು. ಗಿಡಗಳೂ ಹೋದವು, ಬದುವನ್ನು ಹಿಡಿದಿದ್ದ ಬೇರುಗಳೂ ಹೋದವು. ಅರಣ್ಯದಿಂದ ಗಿಡ ಅಗೆದು ತರುವುದು ಅಪರಾಧ. ಸ್ವಂತ ಜಮೀನಿನ ಮರಗಳಿಗೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಅನ್ವಯಿಸುವುದರಿಂದ, ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ರೈತರಿಗೆ ಮೊದಲೇ ತಿಳಿಸಬೇಕು. ಹಳೆಯ ಗೋಡೆ, ಬಾವಿಗಳ ಬಿರುಕಿನಲ್ಲಿ ಮೂಡುವ ಅರಳಿ, ಬಸರಿ ಸಸಿಗಳಾದರೆ ಕಟ್ಟಡದ ಒಡೆಯರೇ ಸಂತೋಷದಿಂದ ಕೊಡುತ್ತಾರೆ.

ಕುಂಡ, ಮಣ್ಣು ಮತ್ತು ನೀರು

ಬೋನ್ಸಾಯ್ ಗಿಡಗಳು ಸಾಯುವುದು ಹೆಚ್ಚಾಗಿ ಈ ಹಂತದಲ್ಲಿ. ಕಾರಣವನ್ನು ಅರಿಯಲು ಒಂದು ಪ್ರಯೋಗ ಮಾಡಿ ನೋಡಿ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಂಗೈಯಲ್ಲಿ ಅಡ್ಡವಾಗಿ ಹಿಡಿಯಿರಿ. ನೀರು ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ಉದ್ದವಾಗಿ ನಿಲ್ಲಿಸಿ. ಹಿಂಡದೆಯೇ ಮತ್ತೆ ನೀರು ಇಳಿಯುತ್ತದೆ. ಯಾವುದೇ ಕುಂಡದ ತಳದಲ್ಲಿ, ಎಷ್ಟೇ ರಂಧ್ರಗಳಿದ್ದರೂ, ಲೋಮನಾಳ ಬಲದಿಂದ ಒಂದು ಪದರ ನೀರು ಇಳಿಯದೆ ನಿಲ್ಲುತ್ತದೆ. ಆ ಪದರದ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಕಣದ ಗಾತ್ರವೇ ಹೊರತು ಕುಂಡದ ಆಳವಲ್ಲ. ಹತ್ತು ಅಂಗುಲದ ಕುಂಡದಲ್ಲಿ ಎರಡು ಅಂಗುಲ ನೀರು ನಿಂತರೆ ಮೇಲಿನ ಎಂಟು ಅಂಗುಲದಲ್ಲಿ ಬೇರು ಉಸಿರಾಡುತ್ತದೆ. ಮೂರು ಅಂಗುಲದ ತಟ್ಟೆಯಲ್ಲಿ ಉಳಿಯುವುದು ಒಂದೇ ಅಂಗುಲ.

ಆದುದರಿಂದ ತಟ್ಟೆಗೆ ಹೊಲದ ಮಣ್ಣನ್ನು ನೇರವಾಗಿ ತುಂಬಬಾರದು. ಕಪ್ಪು ಎರೆ ಮಣ್ಣನ್ನಂತೂ ಮುಟ್ಟಲೇಬಾರದು. ಮೂರರಿಂದ ಆರು ಮಿಲಿಮೀಟರ್ ಗಾತ್ರದ ಇಟ್ಟಿಗೆ ಚೂರು ಎರಡು ಭಾಗ, ಜರಡಿ ಹಿಡಿದ ಕೆಂಪು ಮಣ್ಣಿನ ಹರಳು ಒಂದು ಭಾಗ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ ಒಂದು ಭಾಗ ಸೇರಿಸಿದ ಮಿಶ್ರಣ ನಮ್ಮ ಒಳನಾಡಿಗೆ ಹೊಂದುತ್ತದೆ. ಪುಡಿಯನ್ನು ಜರಡಿಯಿಂದ ತೆಗೆದುಹಾಕುವುದು ಬೇಸರದ ಕೆಲಸ. ಆದರೂ ಅದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ನೀರನ್ನು ದಿನಕ್ಕೆ ಇಷ್ಟು ಬಾರಿ ಎಂದು ಹೇಳುವುದಕ್ಕಿಂತ, ಮೇಲ್ಮಣ್ಣನ್ನು ಬೆರಳಿನಿಂದ ಮುಟ್ಟಿ ಒಣಗತೊಡಗಿದಾಗ ಕೊಡಿ ಎನ್ನುವುದೇ ಸರಿ. ಬೇಸಿಗೆಯಲ್ಲಿ ಅದು ದಿನಕ್ಕೆರಡು ಬಾರಿಯೂ ಆಗಬಹುದು. ಕೊಟ್ಟಾಗ ತಳದ ರಂಧ್ರದಿಂದ ಹರಿಯುವಷ್ಟು ಕೊಡಿ. ಗಡಸು ಕೊಳವೆ ಬಾವಿಯ ನೀರಿನಿಂದ ಹೊಸ ಎಲೆಗಳ ನರ ಮಾತ್ರ ಹಸಿರಾಗಿ ಉಳಿದು ನಡುಭಾಗ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಆಗ ಸಂಗ್ರಹಿಸಿದ ಮಳೆ ನೀರನ್ನು ಬಳಸುವುದು ಸೂಕ್ತ. ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಪ್ರತಿ ಲೀಟರ್ ನೀರಿಗೆ 1 ಗ್ರಾಂನಂತೆ ಬೆರೆಸಿ, ಬೆಳವಣಿಗೆಯ ಕಾಲದಲ್ಲಿ 15 ದಿನಗಳಿಗೊಮ್ಮೆ ಕೊಡಬಹುದು.

ಎರಡು ವರ್ಷಗಳಿಗೊಮ್ಮೆ, ಹೊಸ ಚಿಗುರು ಮೂಡುವ ಮುನ್ನ ಫೆಬ್ರವರಿ–ಮಾರ್ಚ್‌ನಲ್ಲಿ, ಕುಂಡ ಬದಲಾಯಿಸಬೇಕು. ಫೈಕಸ್‌ಗಳಲ್ಲಿ ಮೂರನೇ ಒಂದು ಭಾಗ ಬೇರನ್ನು ಕತ್ತರಿಸಿದರೂ ತಡೆದುಕೊಳ್ಳುತ್ತವೆ. ಹುಣಸೆ ಮತ್ತು ಬೋಗನ್‌ವಿಲ್ಲಾಗಳಲ್ಲಿ ಕೈ ಬಿಗಿಹಿಡಿಯಿರಿ. ಬೇರು ಕತ್ತರಿಸಿದ ಗಿಡವನ್ನು ಮೂರು ವಾರ ನೆರಳಿನಲ್ಲಿಟ್ಟು, ಚಿಗುರು ಕಾಣುವವರೆಗೆ ಗೊಬ್ಬರ ಕೊಡಬೇಡಿ.

ಕೊಂಬೆ ಬಾಗಿಸಲು ಅಲ್ಯೂಮಿನಿಯಂ ತಂತಿ ಸಾಕು. ದಪ್ಪ ಕೊಂಬೆಯ ಮೂರನೇ ಒಂದು ಭಾಗದಷ್ಟಿರಲಿ. ಮಳೆಗಾಲದಲ್ಲಿ ಫೈಕಸ್ ಬೇಗ ಉಬ್ಬುವುದರಿಂದ ವಾರಕ್ಕೊಮ್ಮೆ ಪರೀಕ್ಷಿಸಿ, ತಂತಿ ತೊಗಟೆಯನ್ನು ಒತ್ತುವ ಮೊದಲೇ ತುಂಡರಿಸಿ ತೆಗೆಯಿರಿ. ಬಿಚ್ಚಲು ಹೋದರೆ ಕೊಂಬೆ ಮುರಿಯುತ್ತದೆ. ಹಿಟ್ಟು ತಿಗಣೆ, ಶಲ್ಕ ಕೀಟಗಳು ಕಂಡರೆ ಹತ್ತಿಯನ್ನು ಒದ್ದೆಮಾಡಿ ಒರೆಸಿ, ನಂತರ 1500 ಪಿಪಿಎಂ ಬೇವಿನ ಮೂಲದ ಕೀಟನಾಶಕವನ್ನು ಪ್ರತಿ ಲೀಟರ್ ನೀರಿಗೆ 3 ಮಿ.ಲೀ. ಬೆರೆಸಿ ಸಂಜೆ ಸಿಂಪಡಿಸಿ. ಇರುವೆ ಸಾಲು ಕಂಡಲ್ಲಿ ಹಿಟ್ಟು ತಿಗಣೆಯನ್ನು ಹುಡುಕಿ ನೋಡಿ.

ಮಲೆನಾಡು ಮತ್ತು ಕರಾವಳಿಯ ರೈತರಿಗೆ ಜೂನ್‌ನಿಂದ ಆಗಸ್ಟ್‌ವರೆಗಿನ ಎಡೆಬಿಡದ ಮಳೆಯೇ ದೊಡ್ಡ ಚಿಂತೆ. ಆಗ ಇಟ್ಟಿಗೆ ಚೂರಿನ ಪ್ರಮಾಣವನ್ನು ಹೆಚ್ಚಿಸಿ, ತಟ್ಟೆಯ ಒಂದು ಬದಿಗೆ ಮರದ ತುಂಡನ್ನು ಕೊಟ್ಟು ಓರೆಯಾಗಿ ನಿಲ್ಲಿಸಿ. ಸ್ಪಂಜಿನಲ್ಲಿ ಕಂಡಂತೆ, ಓರೆಯಾದ ತಟ್ಟೆಯಿಂದ ನಿಂತ ನೀರು ಇಳಿಯುತ್ತದೆ. ಮಳೆ ಬಿಡುವು ಕೊಟ್ಟ ದಿನ ತಟ್ಟೆಯನ್ನು ಮತ್ತೆ ಸಮತಟ್ಟಾಗಿ ಇಡುವುದನ್ನು ಮರೆಯಬೇಡಿ. ಇಲ್ಲವಾದರೆ ಮೇಲೆದ್ದ ಬದಿಯ ಬೇರುಗಳು ಒಣಗುತ್ತವೆ.