ಮಂಕು ಮನಸ್ಸಿಗೆ ತಟ್ಟೆಯಲ್ಲೇ ಇತ್ತೇ ಮದ್ದು?

ಒಂದು ಪ್ರಶ್ನೆ. ಉತ್ತರ ಹೇಳಿ ನೋಡೋಣ!

ಖಿನ್ನತೆಯಿಂದ ನರಳುತ್ತಿರುವ ಒಂದಷ್ಟು ಜನ. ಅವರಿಗೆ ಹೊಸ ಮಾತ್ರೆಯಿಲ್ಲ. ಹೊಸ ಚಿಕಿತ್ಸೆಯಿಲ್ಲ. ಊಟ ಮಾತ್ರ ಬೇರೆ. ಹನ್ನೆರಡು ವಾರ ಕಳೆದ ಮೇಲೆ ಏನಾಗಿರುತ್ತದೆ?

'ಏನೂ ಆಗಲ್ಲ ಬಿಡಿ' ಅಂದಿರಾ? ತಡೆಯಿರಿ!

ಆಸ್ಟ್ರೇಲಿಯಾದಲ್ಲಿ ಇದನ್ನು ನಿಜಕ್ಕೂ ಮಾಡಿಯೇ ನೋಡಿದರು! ಡೀಕಿನ್ ವಿಶ್ವವಿದ್ಯಾಲಯದ ಫೆಲಿಸ್ ಜಾಕಾ ಮತ್ತು ಸಂಗಡಿಗರು. ಪ್ರಯೋಗದ ಹೆಸರು 'ಸ್ಮೈಲ್ಸ್'. ಫಲಿತಾಂಶ ಹೊರಬಿದ್ದದ್ದು 2017ರಲ್ಲಿ.

ಒಟ್ಟು 67 ಜನ. ಬಹಳಷ್ಟು ಮಂದಿ ಆಗಲೇ ಚಿಕಿತ್ಸೆಯಲ್ಲಿದ್ದವರು. ಅದನ್ನು ಯಾರೂ ಬಿಡಿಸಲಿಲ್ಲ (ನೀವೂ ಡಾಕ್ಟರನ್ನು ಕೇಳದೆ ಬಿಡಬೇಡಿ ಮತ್ತೆ!). ಅರ್ಧದಷ್ಟು ಜನರಿಗೆ ಏಳು ಸಲ ಡಯಟಿಷಿಯನ್ ಭೇಟಿ.

ಉಳಿದವರಿಗೆ? ಇಲ್ಲಿದೆ ನೋಡಿ ಜಾಣತನ! ಅವರಿಗೂ ಏಳೇ ಭೇಟಿ. ಆದರೆ ಊಟದ ಸುದ್ದಿಯೇ ಇಲ್ಲ! ಆಟೋಟ, ಸಂಗೀತ, ಲೋಕಾಭಿರಾಮ. ಮಾತು ಬೇಡವೆನಿಸಿದರೆ ಇಸ್ಪೀಟು! ಯಾರಾದರೂ ಎದುರು ಕೂತು ಮಾತಾಡಿಸಿದರೇ ಮನಸ್ಸು ಎಷ್ಟೋ ಹಗುರವಾಗುತ್ತದಲ್ಲ? ಆ ಲಾಭ ಎರಡೂ ಕಡೆಗೆ ಸಿಗಲಿ ಅಂತ!

ಸರಿ, ಊಟದವರು ತಿಂದದ್ದೇನು? ಅಪರೂಪದ ಬೇರು, ಬೆಟ್ಟದ ಜೇನು? ಊಹೂಂ! ತರಕಾರಿ. ಹಣ್ಣು. ಬೇಳೆಕಾಳು. ಪಾಲಿಷ್ ಮಾಡದ ಧಾನ್ಯ. ಉಪ್ಪು ಸೋಕದ ಬಾದಾಮಿ, ಅಕ್ರೋಟು. ಮೀನು, ಮೊಟ್ಟೆ, ಹಾಲು-ಮೊಸರು, ಒಂದಿಷ್ಟು ಮಾಂಸ, ಆಲಿವ್ ಎಣ್ಣೆ. ಸಿಹಿತಿಂಡಿಗೆ, ಕರಿದದ್ದಕ್ಕೆ, ತಂಪು ಪಾನೀಯಕ್ಕೆ ಕಡಿವಾಣ.

ಆ ಎಣ್ಣೆಯೊಂದನ್ನು ಬಿಟ್ಟರೆ ನಮ್ಮ ಸೊಪ್ಪು-ಕಾಳಿನ ಬಸ್ಸಾರು ನೆನಪಾಗಲಿಲ್ಲವೇ? ಅದಕ್ಕೂ ಯಾರಾದರೂ ಇಂಥದೊಂದು ಪರೀಕ್ಷೆ ಇಡಬಾರದೇ!

ಈಗ ಫಲಿತಾಂಶ. ಹರಟೆಯ ಗುಂಪಿನಲ್ಲಿ ಖಿನ್ನತೆಯ ಗೆರೆ ದಾಟಿ ಹೊರಬಂದವರು ನೂರಕ್ಕೆ 8.

ಊಟದ ಗುಂಪಿನಲ್ಲಿ? ಹೇಳಿ! 10? 15?

ನೂರಕ್ಕೆ 32! ನಾಲ್ಕು ಪಟ್ಟು!

'ತೂಕ ಇಳಿದಿರಬೇಕು, ಅದಕ್ಕೇ ಖುಷಿ' ಅಂದಿರಾ? ನಾನೂ ಮೊದಲು ಯೋಚಿಸಿದ್ದು ಅದನ್ನೇ. ತೂಕ ಬದಲಾಗಲೇ ಇಲ್ಲ! ಇಳಿಸಿ ಅಂತ ಯಾರೂ ಹೇಳಿರಲೂ ಇಲ್ಲ. ಹಸಿವಾದಷ್ಟು ತಿನ್ನಿ ಅಂದಿದ್ದರು!

ಹಾಗಾದರೆ ಪೋಷಕಾಂಶಗಳನ್ನೆಲ್ಲ ಗುಳಿಗೆಗೆ ತುಂಬಿ ನುಂಗಿಬಿಟ್ಟರೆ? ಯುರೋಪಿನ 'ಮೂಡ್‌ಫುಡ್' ಪ್ರಯೋಗ ಅದನ್ನೂ ನೋಡಿತು. 1,025 ಜನ, ನಾಲ್ಕು ದೇಶ, ಒಂದು ವರ್ಷ. ಒಮೆಗಾ-3, ವಿಟಮಿನ್ ಡಿ, ಫೋಲಿಕ್ ಆ್ಯಸಿಡ್, ಸೆಲೆನಿಯಂ! ಖಿನ್ನತೆ ಬಾರದಂತೆ ತಡೆಯಿತೇ? ಇಲ್ಲ! ಹುಸಿ ಗುಳಿಗೆಗಿಂತ ಏನೂ ಹೆಚ್ಚಿಲ್ಲ. ಅಲ್ಲಿ ಊಟದ ಪಾಠವೂ ಗೆಲ್ಲಲಿಲ್ಲ, ನಿಜ. ಆದರೆ ಅವರು ಇನ್ನೂ ಖಿನ್ನತೆಗೆ ಜಾರದಿದ್ದವರು. ಬಿದ್ದವರನ್ನು ಎತ್ತುವುದು ಬೇರೆ, ಬೀಳದಂತೆ ಹಿಡಿಯುವುದು ಬೇರೆ!

ಸ್ಮೈಲ್ಸ್ ಕೂಡ ಪುಟ್ಟದೇ. ಕೊನೆಯವರೆಗೂ ಉಳಿದವರು 56 ಮಂದಿ. ತಾವು ಯಾವ ಗುಂಪಿನವರೆಂಬುದೂ ಅವರಿಗೆ ಗೊತ್ತಿತ್ತು. ದೊಡ್ಡ ಪ್ರಯೋಗಗಳು ಬೇಕೇ ಬೇಕು. ಆದರೂ ಆ 32 ನನ್ನ ತಲೆಯಿಂದ ಇಳಿಯುತ್ತಿಲ್ಲ!

ಅಯ್ಯೋ, ಖರ್ಚಿನ ವಿಷಯ! 'ಒಳ್ಳೆಯ ಊಟ ಅಂದರೆ ದುಬಾರಿ' ಅನ್ನುವವರು ಇದನ್ನು ಕೇಳಲೇಬೇಕು. ಮೊದಲಿನ ತಿಂಡಿ-ತೀರ್ಥಕ್ಕೆ ಅವರು ವಾರಕ್ಕೆ ಸರಾಸರಿ 138 ಆಸ್ಟ್ರೇಲಿಯನ್ ಡಾಲರ್ ಸುರಿಯುತ್ತಿದ್ದರು. ಹೊಸ ಊಟದ ಲೆಕ್ಕ ಎಷ್ಟಕ್ಕೆ ಬಂತು, ಊಹಿಸಿ!

112!