ಕರಾವಳಿಯ ಕಾವಲುನೆಲೆಗಳು: ಬುರುಜಿನಿಂದ ರೇಡಾರಿಗೆ

ಸೇನೆಯು ತೊರೆದುಹೋದ ಕಾವಲುನೆಲೆಯ ಚರಿತ್ರೆಯನ್ನು ಬರೆಯುವುದು ಸುಲಭವಲ್ಲ. ದೇವಾಲಯಕ್ಕೆ ಶಾಸನವುಂಟು, ಅರಮನೆಗೆ ಕಾವ್ಯವುಂಟು. ಕಡಲನ್ನು ನೋಡುತ್ತ ಕುಳಿತವನ ಕೆಲಸಕ್ಕೆ ಇವೆರಡೂ ವಿರಳ. ಆದರೂ ಅಂತಹ ನೆಲೆಯು ಎರಡು ಸಾಕ್ಷ್ಯಗಳನ್ನು ಉಳಿಸಿ ಹೋಗುವುದು: ಒಂದು, ಅದು ನಿಂತ ಸ್ಥಳ, ಇನ್ನೊಂದು, ಅದರ ಹೆಸರು. ಉಡುಪಿ ಮಂಗಳೂರುಗಳ ಕಡಲತಡಿಯಲ್ಲಿ ಈ ಎರಡನ್ನೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಉಡುಪಿಯ ನೆರೆಯಲ್ಲಿರುವ ಅಂಬಲಪಾಡಿಯಿಂದ ಕಡಲು ಕೆಲವೇ ಮೈಲಿಗಳ ದೂರ. ಮಲ್ಪೆಯ ಎದುರಿಗೆ ದರಿಯಾ ಬಹಾದೂರ್‌ಗಡವೆಂಬ ಕಲ್ಲುದ್ವೀಪವಿದೆ. ಬಿದನೂರಿನ ಬಸಪ್ಪನಾಯಕನು ಅದಕ್ಕೆ ಕೋಟೆಯ ಕಾವಲನ್ನು ಏರ್ಪಡಿಸಿದನು. ‘ದರಿಯಾ’ ಎಂಬುದು ಪಾರಸಿಯಲ್ಲಿ ಕಡಲಿಗೆ ಸಲ್ಲುವ ಮಾತು. ಕನ್ನಡ ಅರಸನ ಕೋಟೆಗೆ ಪಾರಸಿಯ ಹೆಸರು ಅಂಟಿರುವುದು ಗಮನಾರ್ಹ. ‘ಕೊತ್ತಳ’ವೆಂಬ ಹಳೆಯ ಮಾತಿನ ಜೊತೆಗೆ ಅರಬ್ಬಿಯಿಂದ ಬಂದ ‘ಬುರುಜು’ ನಮ್ಮಲ್ಲಿ ಬಳಕೆಗೆ ಬಂದುದೂ ಇದೇ ಬಗೆಯಲ್ಲಿ.

ಮಂಗಳೂರಿನ ಬೋಳೂರಿನಲ್ಲಿ ಗುರುಪುರ ಹೊಳೆಯ ದಡದ ಮೇಲೆ ನಿಂತಿರುವ ಸುಲ್ತಾನ್ ಬತ್ತೇರಿಯು ಮುಂದಿನ ಘಟ್ಟಕ್ಕೆ ಸಾಕ್ಷಿ. 1783ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದರು. ದೀರ್ಘವಾದ ಮುತ್ತಿಗೆಯ ತರುವಾಯ 1784ರ ಜನವರಿಯಲ್ಲಿ ಅದು ಟಿಪ್ಪು ಸುಲ್ತಾನನಿಗೆ ವಶವಾಯಿತು. ಯುದ್ಧನೌಕೆಗಳು ಹೊಳೆಯನ್ನು ಹೊಗದಂತೆ ತಡೆಯಲು ಆತನು ಅದೇ ವರ್ಷ ಕರಿಗಲ್ಲಿನ ಈ ಕಟ್ಟಡವನ್ನು ಎಬ್ಬಿಸಿದನು. ಮದ್ದನ್ನಿಡಲು ಅದರಡಿಯಲ್ಲಿ ನೆಲಮನೆಯುಂಟು. ‘ಬತ್ತೇರಿ’ ಎಂದರೆ ಪಿರಂಗಿಗಳ ಸಾಲು; ಪೋರ್ಚುಗೀಸರ ‘ಬತೆರಿಯ’, ಇಂಗ್ಲಿಷರ ‘ಬ್ಯಾಟರಿ’ ಎರಡಕ್ಕೂ ಮೂಲ ಒಂದೇ. ಪಿರಂಗಿಗಳು ಹೋದರೂ ಮಾತು ಉಳಿಯಿತು. ವಯನಾಡಿನಲ್ಲಿ ಗಣಪತಿವಟ್ಟವೆಂಬ ಊರು ಟಿಪ್ಪುವಿನ ಮದ್ದಿನ ಉಗ್ರಾಣದಿಂದಾಗಿ ತಾನೇ ಸುಲ್ತಾನ್ ಬತ್ತೇರಿಯಾಯಿತು.

ಇನ್ನು ಸ್ಥಳದ ವಿಚಾರ. ಭೂಮಿಯು ಗುಂಡಗಿರುವುದರಿಂದ ನೋಟಕ್ಕೆ ಮಿತಿಯುಂಟು. ಕಡಲಮಟ್ಟದಿಂದ 30 ಅಡಿ ಎತ್ತರದಲ್ಲಿ ನಿಂತವನಿಗೆ ದಿಗಂತವು ಸುಮಾರು 7 ಮೈಲಿ. 80 ಅಡಿಯ ಕೂವೆಮರವುಳ್ಳ ಹಾಯಿಹಡಗಾದರೆ ಅದರ ತುದಿಯು ಸುಮಾರು 17 ಮೈಲಿಯಿಂದಲೇ ಕಾಣತೊಡಗುವುದು. ಗಂಟೆಗೆ 6 ಮೈಲಿ ಸಾಗುವ ಹಡಗು ದಡವನ್ನು ಮುಟ್ಟಲು ಮೂರು ಗಂಟೆಗಳ ಹತ್ತಿರ ಬೇಕು. ಪಿರಂಗಿಗೆ ಮದ್ದು ತುಂಬಲು, ಊರನ್ನು ಎಚ್ಚರಿಸಲು ಈ ಅವಧಿ ಸಾಕಾಗುತ್ತಿತ್ತು. ಮಳೆಗಾಲದಲ್ಲಿ ಕಣ್ಣು ಮಂಜಾಗುತ್ತಿದ್ದುದು ನಿಜ. ಆದರೆ ಆಗ ಹಾಯಿಹಡಗುಗಳೂ ಈ ಕರೆಗೆ ಬರುತ್ತಿರಲಿಲ್ಲ.

ವಿಮಾನವು ಈ ಲೆಕ್ಕವನ್ನೇ ಕೆಡಿಸಿತು. ಗಂಟೆಗೆ 200 ಮೈಲಿ ಹಾರುವ ಯಂತ್ರಕ್ಕೆ ಅದೇ 17 ಮೈಲಿ ಐದು ನಿಮಿಷದ ದಾರಿ. ಇರುಳೂ ಮೋಡವೂ ಅದಕ್ಕೆ ಅಡ್ಡಿಯಲ್ಲ. ಆದುದರಿಂದ ಕಣ್ಣಿನ ಕೆಲಸವನ್ನು ರೇಡಿಯೋ ಅಲೆಗೆ ಒಪ್ಪಿಸಬೇಕಾಯಿತು. ಅಲೆಯು ಸೆಕೆಂಡಿಗೆ 1,86,000 ಮೈಲಿ ಓಡುವುದು. 93 ಮೈಲಿ ದೂರದ ವಸ್ತುವಿಗೆ ತಾಗಿದ ಅಲೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮರಳುವುದು. ಈ ಕಾಲವನ್ನು ಅಳೆದರೆ ದೂರ ತಿಳಿಯಿತು. ರಾಬರ್ಟ್ ವಾಟ್ಸನ್-ವಾಟ್ ಮೊದಲಾದವರ ಪ್ರಯತ್ನದಿಂದ ಇಂಗ್ಲೆಂಡಿನ ಕರಾವಳಿಯ ಬಾಡ್ಸಿಯಲ್ಲಿ 1937ರಲ್ಲಿ ಇಂತಹ ನೆಲೆ ಕೆಲಸಕ್ಕೆ ತೊಡಗಿತು. ಅದರ ಪ್ರೇಷಕ ಗೋಪುರಗಳ ಎತ್ತರ 360 ಅಡಿ. ‘ರೇಡಿಯೋ ಡಿಟೆಕ್ಷನ್ ಅಂಡ್ ರೇಂಜಿಂಗ್’ ಎಂಬುದರ ಮೊದಲಕ್ಷರಗಳಿಂದಾದ ‘ರೇಡಾರ್’ ಎಂಬ ಹೆಸರು ಹುಟ್ಟಿದುದು 1940ರಲ್ಲಿ, ಅಮೆರಿಕದ ನೌಕಾಪಡೆಯಲ್ಲಿ.

ಆ ಬಾಡ್ಸಿಯ ಸೇನಾನೆಲೆಯೂ 1991ರಲ್ಲಿ ಮುಚ್ಚಿತು. ಕಡೆಯ ಪ್ರೇಷಕ ಗೋಪುರವನ್ನು 2000ದಲ್ಲಿ ಕೆಡವಿದರು. ಆದರೆ ಅಲ್ಲಿಯ ಯಂತ್ರಶಾಲೆಯನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ನಮ್ಮ ದೇಶದಲ್ಲಿ 2008ರ ಮುಂಬಯಿ ದಾಳಿಯ ತರುವಾಯ ಕರಾವಳಿಯುದ್ದಕ್ಕೂ ರೇಡಾರ್ ನೆಲೆಗಳ ಸರಪಣಿಯನ್ನು ಕಟ್ಟಲಾಯಿತು. ಹಲವು ನೆಲೆಗಳಿಗೆ ದೀಪಸ್ತಂಭಗಳೇ ಆಸರೆ. ಎತ್ತರವನ್ನು ಅರಸುವ ಹಳೆಯ ನಿಯಮವು ಹೊಸ ಯಂತ್ರಕ್ಕೂ ತಪ್ಪಿಲ್ಲ.

ಹೀಗೆ ನೋಡಿದರೆ ಕಾವಲುನೆಲೆಗಳು ಗೋಡೆ ಬಿದ್ದುದರಿಂದ ನಿರುಪಯುಕ್ತವಾದವಲ್ಲ. ಬರುವ ಅಪಾಯದ ವೇಗವು ಬದಲಾದುದರಿಂದ. ಆದುದರಿಂದ ಅವುಗಳ ಕಲ್ಲುಗಳನ್ನು ಎಣಿಸಿದರೆ ಸಾಲದು. ಅಲ್ಲಿಂದ ಏನು ಕಾಣುತ್ತಿತ್ತು, ಎಷ್ಟು ದೂರ ಕಾಣುತ್ತಿತ್ತು ಎಂಬುದನ್ನೂ ಬರೆದಿಡಬೇಕು. ಕಟ್ಟಡಗಳೆದ್ದು ಕಡಲ ನೋಟವು ಮುಚ್ಚಿಹೋದರೆ ಕಲ್ಲು ಉಳಿದೂ ಅರ್ಥ ಅಳಿಯುವುದು. ಕರಾವಳಿಯ ಉಪಾಧ್ಯಾಯರು ತಮ್ಮ ತಮ್ಮ ಊರಿನ ಬುರುಜು, ಬತ್ತೇರಿಗಳ ಹೆಸರನ್ನೂ ನೋಟವನ್ನೂ ವಿದ್ಯಾರ್ಥಿಗಳೊಡನೆ ಸಂಗ್ರಹಿಸಿದರೆ ನುಡಿಗೂ ನಾಡಿನ ಚರಿತ್ರೆಗೂ ಒಮ್ಮೆಗೇ ಉಪಕಾರವಾಗುವುದು.