ರಜೆಯಲ್ಲಿ ಮಸುಕಾಗುವ ಅಕ್ಷರಗಳು

ಏಪ್ರಿಲ್‌ನಲ್ಲಿ ಮುಚ್ಚುವ ಸರ್ಕಾರಿ ಶಾಲೆಗಳು ಸಾಮಾನ್ಯವಾಗಿ ಮತ್ತೆ ತೆರೆಯುವುದು ಮೇ ಕೊನೆಯ ವೇಳೆಗೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಅದು ಮರಗಸಿಯ ಕಾಲ. ಹಿರಿಯರು ಕೆಲಸಕ್ಕೆ ಹೋದರೆ ಮಕ್ಕಳ ಪುಸ್ತಕದ ಚೀಲ ಮೂಲೆ ಸೇರುತ್ತದೆ. ಶಾಲೆ ಆರಂಭವಾದಾಗ ಓದಲು ತಡವರಿಸುವ ಮಗುವನ್ನು ದಡ್ಡನೆಂದು ಕರೆಯುವುದು ಸುಲಭ. ಆದರೆ ಅದು ನ್ಯಾಯವಲ್ಲ.

ಕನ್ನಡದ ಮೂಲಾಕ್ಷರಗಳು 49 ಮಾತ್ರ. ಗುಣಿತ, ಒತ್ತಕ್ಷರಗಳು ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು 400ನ್ನು ಮೀರುತ್ತವೆ. ಕನ್ನಡ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಕಲಿಕೆ ಮೊದಲೆರಡು ತರಗತಿಗಳಲ್ಲಿ ಮುಗಿಯದೆ ಮುಂದಕ್ಕೂ ಸಾಗುತ್ತದೆ ಎಂದು ತೋರಿಸಿತು. 'ಸ್ವಾತಂತ್ರ್ಯ', 'ಉತ್ಕೃಷ್ಟ'ದಂತಹ ಪದಗಳು ಮನೆಮಾತಿನಲ್ಲಿ ಅಪರೂಪ. ಅವು ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಪುಸ್ತಕದಲ್ಲೇ.

ತೋಟದ ಲೈನ್ ಮನೆಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ತಮಿಳು, ತುಳು, ಕೊಂಕಣಿ ಮಾತನಾಡುವ ಮನೆಗಳಿವೆ. ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳೂ ಇವೆ. ಇಂತಹ ಮಕ್ಕಳಿಗೆ ಕನ್ನಡ ಬಹುಮಟ್ಟಿಗೆ ಶಾಲೆಯ ಭಾಷೆ. ಶಾಲೆಗೆ ರಜೆಯೆಂದರೆ ಲಿಖಿತ ಕನ್ನಡಕ್ಕೂ ರಜೆಯೇ.

ಅಮೆರಿಕದಲ್ಲಿ 39 ಅಧ್ಯಯನಗಳನ್ನು ಪರಿಶೀಲಿಸಿದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು, ಬೇಸಿಗೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯನ್ನು ಕಳೆದುಕೊಳ್ಳುತ್ತಾರೆಂದು 1996ರಲ್ಲಿ ಅಂದಾಜಿಸಿದರು. ಈ ನಷ್ಟದ ಪ್ರಮಾಣದ ಬಗ್ಗೆ ನಂತರ ಭಿನ್ನಾಭಿಪ್ರಾಯ ಬಂದಿದೆ. ಆದರೆ ಪರಿಹಾರದ ದಾರಿ ಸರಳ. ರಿಚರ್ಡ್ ಆಲಿಂಗ್‌ಟನ್ ತಂಡ ಬಡ ಮಕ್ಕಳಿಗೆ ಸತತ ಮೂರು ಬೇಸಿಗೆ, ಅವರೇ ಆರಿಸಿಕೊಂಡ ಹನ್ನೆರಡು ಪುಸ್ತಕಗಳನ್ನು ನೀಡಿತು. ಆ ಮಕ್ಕಳ ಓದು ಪುಸ್ತಕ ಸಿಗದ ಮಕ್ಕಳ ಓದಿಗಿಂತ ಉತ್ತಮವಾಗಿತ್ತೆಂದು 2010ರ ವರದಿ ಹೇಳಿತು. ಇಲ್ಲಿ ಗಮನಿಸಬೇಕಾದ ಅಂಶ, ಆಯ್ಕೆ ಮಕ್ಕಳದ್ದೇ ಆಗಿತ್ತು ಎಂಬುದು.

ಪುಸ್ತಕ ಎಲ್ಲಿ ಸಿಗುತ್ತದೆ?

ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ನೀಡಲಾಯಿತು. ಈಗ ಅವುಗಳ ಹೆಸರು 'ಅರಿವು ಕೇಂದ್ರ'. ತೋಟದಿಂದ ಅಲ್ಲಿಗೆ ಬಹುದೂರ ನಡೆಯಬೇಕಾದ ಕಡೆ, ಸಂತೆಗೆ ಹೋಗುವ ಹಿರಿಯರೊಬ್ಬರು ಇಡೀ ಲೈನಿನ ಮಕ್ಕಳಿಗೆ ಪುಸ್ತಕ ತಂದುಕೊಡಬಹುದು. ಮೊಬೈಲ್ ಇದ್ದರೆ, ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ.

ಓದಲು ದೂರದ ಲೋಕವೇ ಬೇಕಿಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ', 'ಕರ್ವಾಲೊ' ಕೃತಿಗಳಲ್ಲಿ ಈ ಸೀಮೆಯ ಕಾಡು, ಜನ, ಜೀವಿಗಳೇ ಇವೆ. ಪರಿಚಿತ ಲೋಕವಿದ್ದಾಗ ಅಪರಿಚಿತ ಪದದ ಅರ್ಥವನ್ನು ಮಗು ತಾನೇ ಊಹಿಸುತ್ತದೆ.

ದಿನಕ್ಕೆ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಿಸಿದರೂ ಸಾಕು. ತಪ್ಪಿದಾಗ ನಡುವೆ ತಡೆಯದೆ ವಾಕ್ಯ ಮುಗಿದ ಮೇಲೆ ತಿದ್ದಬೇಕು. ಅಕ್ಷರ ಬಾರದ ತಾಯಿಯೂ ಪಕ್ಕದಲ್ಲಿ ಕುಳಿತು, 'ಆಮೇಲೇನಾಯಿತು?' ಎಂದು ಕೇಳಬಹುದು. ಓದಿದ್ದನ್ನು ಮಗು ತನ್ನ ಮಾತಿನಲ್ಲಿ ಹೇಳಲು ಆ ಒಂದು ಪ್ರಶ್ನೆ ಸಾಕು.